ಹದಿನೈದು ನಿಮಿಷದ ಬೈಪಾಸ್

ರತ್ನಾಕರಣ್ಣ, ಆ ದಿನ ನೀವು ನನಗೆ ಫೋನ್ ಮಾಡಿದ್ದು ಹೋಳಿಗೆಯ ಮಾತಾಡಲು ಅಲ್ಲ. ಸೋರಿಕೆಯ ಅಲಾರಂ ಬಡಿಯುತ್ತಿದೆ, ಏನು ಮಾಡಲಿ ಎಂದು ಕೇಳಲು. ಬೈಪಾಸ್ ಹಾಕಿ ಎಂದವಳು ನಾನು. ವಿಚಾರಣೆಯಲ್ಲಿ, ಹಾಗೆ ಹೇಳಲೇ ಇಲ್ಲ ಎಂದವಳೂ ನಾನೇ.

ಈ ನಾಲ್ಕು ವಾಕ್ಯ ಬರೆಯಲು ನನಗೆ ಎಂಟು ವರ್ಷ ಬೇಕಾಯಿತು.

ಇದರಲ್ಲಿ ನಿಮಗೆ ಗೊತ್ತಿಲ್ಲದ್ದು ಹೆಚ್ಚೇನಿಲ್ಲ. ಆದರೆ ಇದನ್ನು ನಮ್ಮ ಸಂಘದ ಯುಗಾದಿ ಸಂಚಿಕೆಗೆ ಕೊಡುತ್ತಿದ್ದೇನೆ — ಇಲ್ಲಿನ ಕನ್ನಡದವರೆಲ್ಲ ಓದಬೇಕು — ಆದ್ದರಿಂದ ನಿಮಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ. ನಿಮ್ಮ ಬಗ್ಗೆ ಒಂದು ತಮಾಷೆ ಈ ಸಂಘದ ಊಟದ ಪಂಕ್ತಿಯಲ್ಲೇ ಹುಟ್ಟಿತು. ಅದು ಸಾಯುವುದಾದರೆ ಇಲ್ಲೇ ಸಾಯಲಿ.

ಓದುತ್ತಿರುವವರಿಗೆ: ರತ್ನಾಕರಣ್ಣ ಉಡುಪಿ ಕಡೆಯವರು. ಮನೆಯಲ್ಲಿ ತುಳು, ನನ್ನೊಡನೆ ಕನ್ನಡ. ಈ ದ್ವೀಪದ ಪಶ್ಚಿಮ ತುದಿಯಲ್ಲಿ, ಟುವಾಸ್ ಕಡೆಯ ಒಂದು ಎಣ್ಣೆ ಟರ್ಮಿನಲ್ಲಿನ ಕಂಟ್ರೋಲ್ ರೂಮಿನಲ್ಲಿ ಆಪರೇಟರ್ ಆಗಿದ್ದರು. ಹಡಗಿನಿಂದ ಎಣ್ಣೆ ಕೊಳವೆಗೆ ಬಂದು, ಕೊಳವೆಯಿಂದ ಟ್ಯಾಂಕಿಗೆ ಹೋಗುವಷ್ಟು ಹೊತ್ತೂ ಪರದೆಯ ಮುಂದೆ ಕೂತು ಕಾಯುವ ಕೆಲಸ ಅವರದು. ಆ ಕೊಳವೆಯಲ್ಲಿ ಸೋರಿಕೆಯಾದರೆ ಪತ್ತೆ ಹಚ್ಚುವ ಸಾಫ್ಟ್‌ವೇರ್ ನಮ್ಮ ಕಂಪನಿಯದು, ಅದನ್ನು ನೋಡಿಕೊಳ್ಳುವ ಎಂಜಿನಿಯರ್ ನಾನು. ಮೈಸೂರಿನಲ್ಲಿ ಓದಿದವಳು; ಇಲ್ಲಿಗೆ ಬಂದು ಆಗಷ್ಟೇ ಎರಡು ವರ್ಷವಾಗಿತ್ತು.

ಆ ಸಾಫ್ಟ್‌ವೇರ್ ಮಾಡುವುದು ಒಂದೇ ಕೆಲಸ. ಕೊಳವೆಯ ಈ ತುದಿಯಲ್ಲಿ ಎಷ್ಟು ಹೋಯಿತು, ಆ ತುದಿಯಲ್ಲಿ ಎಷ್ಟು ಬಂತು ಎಂದು ತಾಳೆ ನೋಡುತ್ತದೆ. ತಾಳೆಯಾಗದಿದ್ದರೆ ಅಲಾರಂ. ಆದರೆ ಹಡಗಿನ ಪಂಪ್ ಶುರುವಾದ ಮೊದಲ ಕೆಲವು ನಿಮಿಷ, ಖಾಲಿ ಕೊಳವೆ ತುಂಬಿಕೊಳ್ಳುವವರೆಗೆ, ಸೋರಿಕೆ ಇಲ್ಲದಿದ್ದರೂ ತಾಳೆಯಾಗುವುದಿಲ್ಲ. ಪ್ರತಿ ಹಡಗಿಗೂ ಸುಳ್ಳು ಅಲಾರಂ. ಅದನ್ನು ಸುಮ್ಮನಾಗಿಸಲು ಒಂದು ಬಟನ್ ಇತ್ತು — ಒತ್ತಿದರೆ ಹದಿನೈದು ನಿಮಿಷ ಬೈಪಾಸ್.

ಒತ್ತುವುದಕ್ಕೆ ನಿಯಮವಿತ್ತು. ಕಂಟ್ರೋಲ್ ರೂಮಿನ ಮೇಜಿನ ಫೋನಿನಿಂದಲೇ ನನಗೆ ಕರೆ ಮಾಡಬೇಕು. ಆ ಫೋನಿನಲ್ಲಿ ಆಡಿದ ಪ್ರತಿ ಮಾತೂ ರೆಕಾರ್ಡ್ ಆಗುತ್ತದೆ. ಇಂಗ್ಲಿಷಿನಲ್ಲಿ ಹೆಸರು, ಹುದ್ದೆ, ಕಾರಣ ಹೇಳಬೇಕು; ನಾನು ಒಪ್ಪಿಗೆ ಕೊಡಬೇಕು; ಮೇಲೆ ಒಂದು ಫಾರ್ಮ್, ಅದರಲ್ಲಿ ಇಬ್ಬರ ಸಹಿ. ಅಷ್ಟೊತ್ತಿಗೆ ಹಡಗಿನವರು ಬೈಯಲು ಶುರು ಮಾಡಿರುತ್ತಿದ್ದರು. ಒಂದು ದಿನ ಆ ಫೋನಿನಲ್ಲಿ “ಗುಡ್ ಮಾರ್ನಿಂಗ್, ದಿಸ್ ಈಸ್ ಪ್ಯಾನೆಲ್ ಒನ್” ಎಂದು ನೀವು ಗಂಭೀರವಾಗಿ ಶುರು ಮಾಡಿದಾಗ ನನಗೆ ನಗು ಬಂದುಬಿಟ್ಟಿತು. ಆ ನಗುವೂ ರೆಕಾರ್ಡ್ ಆಗಿರಬೇಕು. ಮುಗಿದ ಮೇಲೆ ನಿಮ್ಮ ಸ್ವಂತ ಮೊಬೈಲಿನಿಂದ ಕರೆ ಬಂತು.

“ನಗಾಡ್ಬೇಡ ಮಾರಾಯ್ತಿ. ಇಂಗ್ಲಿಷ್ ಮಾತಾಡುವಾಗ ನನ್ನ ಹೊಟ್ಟೆ ಒಳಗೆ ಹೋಗ್ತದೆ.”

“ಹಾಗಾದ್ರೆ ಮುಂದಿನ ಸಲ ಇದ್ರಲ್ಲೇ ಮಾಡಿ ಅಣ್ಣ,” ಎಂದೆ ನಾನು. “ಕನ್ನಡದಲ್ಲೇ ಹೇಳಿ. ಫಾರ್ಮ್ ಆಮೇಲೆ ನೋಡ್ಕೊಳ್ಳೋಣ.”

ಆ ಅಭ್ಯಾಸ ಶುರು ಮಾಡಿದ್ದು ನಾನು. ಇದನ್ನೂ ಈವರೆಗೆ ಯಾರಿಗೂ ಹೇಳಿಲ್ಲ.

ಅಲ್ಲಿಂದ ಮುಂದೆ ನಮ್ಮದು ವಾಟ್ಸ್ಆ್ಯಪ್ ಕರೆ, ಅರ್ಧ ನಿಮಿಷ. “ಬಂತು ಕಣೆ.” “ಹಾಕಿ ಅಣ್ಣ.” ಆಮೇಲೆ ಸಂಘದ ಸುದ್ದಿ, ನಿಮ್ಮ ಹೆಂಡತಿ ಶೋಭಕ್ಕ ಮಾಡಿದ ಮೀನು ಸಾರಿನ ಸುದ್ದಿ, ನಾನು ತಿನ್ನುವುದಿಲ್ಲ ಎಂದು ನಿಮ್ಮ ಗೇಲಿ. ಪರದೇಶದಲ್ಲಿ ಒಂದು ಭಾಷೆ ಸಿಕ್ಕಿದರೆ ಮನುಷ್ಯ ಎಷ್ಟು ಬೇಗ ಸಡಿಲವಾಗುತ್ತಾನೆ — ಚಪ್ಪಲಿ ಬಿಟ್ಟು ಒಳಗೆ ಬಂದ ಹಾಗೆ. ಫಾರ್ಮ್‌ಗಳನ್ನು ತಿಂಗಳ ಕೊನೆಯಲ್ಲಿ ಒಟ್ಟಿಗೆ ತುಂಬುತ್ತಿದ್ದೆವು. ಬಹಳ ಸಲ ಅದನ್ನೂ ಬಿಟ್ಟೆವು. ಒಂದೂವರೆ ವರ್ಷ ಏನೂ ಆಗಲಿಲ್ಲ. ಏನೂ ಆಗದೆ ಇರುವುದನ್ನು ನಾವು ಸುರಕ್ಷತೆ ಎಂದುಕೊಂಡೆವು.

ಈಗ ಆ ದಿನ.

ಯುಗಾದಿಗೆ ಹತ್ತು ದಿನ ಇತ್ತು. ಟರ್ಮಿನಲ್ಲಿಗೆ ಬಂದು ಸಾಫ್ಟ್‌ವೇರಿನ ಹೊಸ ಅಪ್ಡೇಟ್ ಹಾಕಿ, ಮಧ್ಯಾಹ್ನ ಮೂರೂವರೆಗೆ ಹೊರಗೆ ಗೇಟಿನ ಬಳಿಯ ತಂಗುದಾಣದಲ್ಲಿ ಕಂಪನಿಯ ವ್ಯಾನಿಗೆ ಕಾಯುತ್ತಿದ್ದೆ. ಮೊಬೈಲ್ ಬಡಿಯಿತು. ನೀವು. ನಿಮ್ಮ ಮಾತು ಒಂದಕ್ಷರ ಬಿಡದೆ ನೆನಪಿದೆ. ಎಂಆರ್‌ಟಿ ರೈಲಿನಲ್ಲಿ ಬಾಗಿಲು ಮುಚ್ಚುವಾಗ ಟೀಂ ಟೀಂ ಎನ್ನುತ್ತದಲ್ಲ, ಆಗೆಲ್ಲ ಮೊದಲಿನಿಂದ ಕೇಳಿಸುತ್ತದೆ.

“ಸೌಮ್ಯಾ, ಹೋಳಿಗೆ ಎಷ್ಟು ಜನಕ್ಕೆ ಹೇಳುವುದು ಅಂತ ಶೋಭಾ ಕೇಳ್ತಿದ್ದಳು. ಅದು ಆಮೇಲೆ ಹೇಳು. ಈಗ ಒಂದು ವಿಷಯ ಉಂಟು. ಅಲಾರಂ ಬಂತು. ಆದ್ರೆ ಪಂಪ್ ಶುರುವಾಗಿ ಅರ್ಧ ಗಂಟೆ ಆಯ್ತಲ್ಲ ಮಾರಾಯ್ತಿ. ಈಗ ಯಾಕೆ ಬರಬೇಕು?”

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಿರಿ. ಸುಳ್ಳು ಅಲಾರಂ ಬರುವುದು ಮೊದಲ ಕೆಲವು ನಿಮಿಷದಲ್ಲಿ. ಅರ್ಧ ಗಂಟೆಯ ಮೇಲೆ ಬಂದರೆ ಅದು ಬೇರೆ. ನನಗೂ ಗೊತ್ತಿತ್ತು. ಕಾಲೇಜಿನಲ್ಲಿ ಓದಿದ್ದೆ, ನಿಮಗೆ ತರಬೇತಿ ಕೊಡುವಾಗ ನಾನೇ ಹೇಳಿದ್ದೆ.

“ಅಪ್ಡೇಟ್ ಹಾಕಿದೀನಲ್ಲ ಅಣ್ಣ, ಅದಕ್ಕೇ ಇರತ್ತೆ. ಬೈಪಾಸ್ ಹಾಕಿ.”

“ಯಾರನ್ನಾದ್ರೂ ಲೈನ್ ನೋಡ್ಲಿಕ್ಕೆ ಕಳಿಸ್ಲಾ ಒಮ್ಮೆ?”

“ಬೇಡಣ್ಣ. ನನ್ ಮೇಲಿರ್ಲಿ.”

“ಆಯ್ತು. ನೀನು ಹೇಳಿದ ಮೇಲೆ ಮುಗೀತು.”

ಇಷ್ಟೇ. ಯಾಕೆ ಹಾಗೆ ಹೇಳಿದೆ? ರಸ್ತೆಯ ತಿರುವಿನಲ್ಲಿ ವ್ಯಾನ್ ಕಾಣಿಸಿತ್ತು. ಮತ್ತೆ ಒಳಗೆ ಹೋಗಬೇಕೆಂದರೆ ಗೇಟಿನಲ್ಲಿ ಪಾಸ್, ಹೆಲ್ಮೆಟ್, ಬೂಟು, ಎಲ್ಲ ಮೊದಲಿಂದ. ಇದು ಒಂದು ಕಾರಣ. ಇನ್ನೊಂದು — ತಪ್ಪು ನನ್ನ ಅಪ್ಡೇಟಿನದೇ ಆಗಿದ್ದರೆ, ನೀವು ಯಾರನ್ನಾದರೂ ಲೈನಿಗೆ ಕಳಿಸಿದ ಕೂಡಲೇ ಅದು ದಾಖಲೆಗೆ ಹೋಗುತ್ತಿತ್ತು. ಅದು ನನಗೆ ಬೇಡವಾಗಿತ್ತು. ಸೋರಿಕೆ ನಿಜವಾಗಿರಬಹುದು ಎಂಬ ಯೋಚನೆ ಬಂದು, ನಿಂತು, ಹೋಯಿತು. ಬರಲೇ ಇಲ್ಲ ಎಂದರೆ ಇನ್ನೊಂದು ಸುಳ್ಳಾಗುತ್ತದೆ.

ಮೊದಲು ಬಂದದ್ದು ವಾಸನೆ. ಪೆಟ್ರೋಲ್ ಬಂಕಿನಲ್ಲಿ ನಿಂತಂತೆ, ಆದರೆ ಇನ್ನೂ ಸಿಹಿ, ಗಂಟಲಲ್ಲಿ ಕೂರುವಂಥದ್ದು. ಅಂದು ಬರುತ್ತಿದ್ದದ್ದು ಹಗುರ ತೈಲ. ಗಾಳಿ ತಗುಲಿದರೆ ಸಾಕು, ಆವಿಯಾಗುತ್ತದೆ. ಬೇಲಿಯಾಚೆ ಕೊಳವೆಗಳ ಸಾಲಿನ ಕೆಳಗೆ ಮೊಣಕಾಲೆತ್ತರಕ್ಕೆ ಬಿಳಿಯ ಮಂಜು. ಬಿಸಿಲು ಸುಡುತ್ತಿತ್ತು, ಮಂಜು ಬರುವ ಹೊತ್ತಲ್ಲ. ಅದು ನೆಲ ಹಿಡಿದು, ಅವಸರವಿಲ್ಲದೆ, ಚರಂಡಿ ದಾಟಿ ರಸ್ತೆಗೆ ಬರುತ್ತಿತ್ತು. ಅದರ ಪಕ್ಕದಲ್ಲೇ, ಕೆಲಸಗಾರರು ಹತ್ತಿ ನಿಲ್ಲುವ ಅಟ್ಟಣಿಗೆ ಕಟ್ಟಿಸುವ ಮೇಸ್ತ್ರಿ ಮುರುಗನ್ ನಿಂತಿದ್ದರು — ಹೊಸೂರಿನವರು, ತಮಿಳಿನ ರಾಗದ ಕನ್ನಡ, ನನ್ನನ್ನು ನೋಡಿದಾಗೆಲ್ಲ “ಏನ್ ಮೇಡಂ, ಮೈಸೂರ್ ಪಾಕು ತಂದ್ರಾ” ಎನ್ನುವವರು. ಅವರು ತಮ್ಮವರಿಗೆ ಇಳೀರಿ ಇಳೀರಿ ಎಂದು ಕೂಗುತ್ತಿದ್ದರು.

ನನ್ನ ಕೈಯಲ್ಲಿ ಫೋನ್ ಇತ್ತು. ನಿಮಗೆ ಕರೆ ಮಾಡಬೇಕಿತ್ತು: ಪಂಪ್ ನಿಲ್ಲಿಸಿ. ಎರಡು ಪದ.

ನಾನು ಮಾಡಲಿಲ್ಲ. ಆ ಕ್ಷಣ ನನ್ನ ತಲೆಗೆ ಮೊದಲು ಬಂದದ್ದು — ಇದನ್ನು ನನ್ನ ಗಂಡನಿಗೂ ಹೇಳಿಲ್ಲ — ಕಾಲ್ ಲಾಗ್. ಈಗ ಮತ್ತೆ ಕರೆ ಮಾಡಿದರೆ ಎರಡು ಕರೆ ಕಾಣುತ್ತವೆ ಎಂಬುದು. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಮುರುಗನ್ ಒಂದು ಏಣಿಯ ಬುಡಕ್ಕೆ ಓಡಿ, ಕೆಳಗಿಳಿಯುತ್ತಿದ್ದ ಕೊನೆಯವನನ್ನು ಕೈ ಚಾಚಿ ಎಳೆದುಕೊಂಡಷ್ಟು ಹೊತ್ತು. ಆಮೇಲೆ ವ್ಯಾನಿನ ಕಡೆ ಓಡಿ ಎರಡೂ ಕೈ ಎತ್ತಿ ನಿಲ್ಲಿಸಿದೆ. ಬಿಸಿ ಎಂಜಿನ್ ಆ ಆವಿಯೊಳಗೆ ಬರಬಾರದೆಂಬ ಬುದ್ಧಿ ಇತ್ತು. ಅದಕ್ಕೆ ಆಮೇಲೆ ನನ್ನನ್ನು ಹೊಗಳಿದರು, ಒಂದು ಪ್ರಶಸ್ತಿಪತ್ರ ಕೊಟ್ಟರು. ಕಿಡಿ ಬಂದದ್ದು ಬೇರೆಡೆಯಿಂದ. ಎಲ್ಲಿಂದ ಎಂದು ಕೊನೆಗೂ ಗೊತ್ತಾಗಲಿಲ್ಲ.

ಶಬ್ದ ಆಗಲಿಲ್ಲ, ಅಥವಾ ನನಗೆ ನೆನಪಿಲ್ಲ. ಗಾಳಿಯನ್ನೇ ಯಾರೋ ಒಳಕ್ಕೆ ಎಳೆದುಕೊಂಡ ಹಾಗೆ ಆಯಿತು. ಮಂಜು ಇದ್ದ ಕಡೆಯೆಲ್ಲ ಒಂದೇ ಸಲಕ್ಕೆ ಬೆಂಕಿ. ಮುರುಗನ್ ಅದರ ಅಂಚಿನಿಂದ ಹೊರಗೆ ಬಂದರು, ಓಡುತ್ತಿರಲಿಲ್ಲ, ನಡೆಯುತ್ತಿದ್ದರು. ಮೊಣಕೈವರೆಗೆ ಕೈಗಳನ್ನು ಮುಂದಕ್ಕೆ ಹಿಡಿದಿದ್ದರು, ಯಾರದ್ದೋ ವಸ್ತು ತಂದು ಕೊಡುತ್ತಿರುವ ಹಾಗೆ.

ಅದೇ ಹೊತ್ತಿಗೆ ಕೊಳವೆಯ ಸದ್ದು ನಿಂತಿತು. ನೀವು ಕಿಟಕಿಯಿಂದ ನೋಡಿ, ಯಾರನ್ನೂ ಕೇಳದೆ, ಎಮರ್ಜೆನ್ಸಿ ಬಟನ್ ಒತ್ತಿದ್ದಿರಿ. ನೀವು ಇನ್ನೆರಡು ನಿಮಿಷ ತಡ ಮಾಡಿದ್ದರೆ ಬೆಂಕಿ ಟ್ಯಾಂಕುಗಳವರೆಗೆ ಹೋಗುತ್ತಿತ್ತು ಎಂದು ವಿಚಾರಣೆಯ ವರದಿಯಲ್ಲೇ ಇದೆ. ಒಂದು ಸಾಲು. ಅದನ್ನು ಯಾರೂ ಓದಲಿಲ್ಲ. ಅದರ ಮುಂದಿನ ಪುಟದಲ್ಲಿ ನನ್ನ ಹೇಳಿಕೆ ಇತ್ತು.

ವಿಚಾರಣೆಯ ಕೋಣೆ ಚಿಕ್ಕದು, ಎಸಿ ಜಾಸ್ತಿ. ಪ್ರಶ್ನೆ ಕೇಳಿದ ಹೆಂಗಸು ಮೆತ್ತಗಿನ ದನಿಯವರು, ಮೊದಲು ನೀರು ಕೊಟ್ಟರು. ದಾಖಲೆಯಲ್ಲಿ ಬೈಪಾಸ್ ಒತ್ತಿದ್ದು ನಿಮ್ಮ ಲಾಗಿನ್‌ನಿಂದ. ಮೇಜಿನ ಫೋನಿನ ರೆಕಾರ್ಡಿಂಗಿನಲ್ಲಿ ಏನೂ ಇಲ್ಲ. ಫಾರ್ಮ್ ಇಲ್ಲ. ನಿಮ್ಮ ಮೊಬೈಲಿನಲ್ಲಿ ಆ ಹೊತ್ತಿಗೆ ನನಗೆ ಒಂದು ಕರೆ. ಅದರಲ್ಲಿ ನಾನು ಅನುಮತಿ ಕೊಟ್ಟೆ ಎಂದು ನೀವು ಹೇಳಿದ್ದಿರಿ.

“ಆ ಕರೆಯಲ್ಲಿ ಏನು ಮಾತಾಡಿದಿರಿ?” ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು.

“ಯುಗಾದಿ ಊಟದ ಬಗ್ಗೆ. ಹೋಳಿಗೆ ಎಷ್ಟು ಜನಕ್ಕೆ ಅಂತ ಕೇಳಿದರು.”

“ಅಲಾರಂ ಬಗ್ಗೆ?”

“ಇಲ್ಲ.”

ಆ ಮೊದಲ ವಾಕ್ಯ ಸತ್ಯ, ರತ್ನಾಕರಣ್ಣ. ಅದೇ ಅದರ ಕೆಟ್ಟತನ. ಬರೀ ಸುಳ್ಳಾಗಿದ್ದರೆ ನಾನು ತಡವರಿಸುತ್ತಿದ್ದೆನೇನೋ. ನಿಮ್ಮ ಬಾಯಿಂದ ಬಂದ ಮಾತನ್ನೇ ಎತ್ತಿಕೊಂಡು ನಿಮ್ಮ ವಿರುದ್ಧ ಇಟ್ಟೆ, ದನಿ ನಡುಗಲಿಲ್ಲ. ಹೋಳಿಗೆ ಎಂದರೇನು ಎಂದು ಅವರು ಕೇಳಿದರು. ಸಿಹಿ ಎಂದೆ. ಸ್ಪೆಲಿಂಗ್ ಹೇಳಿ ಬರೆಸಿದೆ.

ನಾವು ಆಗ ಪಿಆರ್‌ಗೆ, ಇಲ್ಲಿ ಖಾಯಂ ವಾಸದ ಪರವಾನಗಿಗೆ, ಅರ್ಜಿ ಹಾಕಿದ್ದೆವು. ಕಂಪನಿಯ ಮೇಲಿನವರು, ಕೇಳಿದ್ದಕ್ಕಷ್ಟೇ ಉತ್ತರ ಕೊಡು ಎಂದಿದ್ದರು. ಇವನ್ನು ಕಾರಣವಾಗಿ ಬರೆಯುತ್ತಿಲ್ಲ. ಇದ್ದವು, ಅಷ್ಟೇ. ಸುಳ್ಳು ಹೇಳು ಎಂದು ನನಗೆ ಯಾರೂ ಹೇಳಿರಲಿಲ್ಲ.

ನಿಮ್ಮ ಕೆಲಸ ಹೋಯಿತು, ಈ ದೇಶದಲ್ಲಿ ಕೆಲಸ ಮಾಡುವ ಪಾಸ್ ರದ್ದಾಯಿತು. ಹೊರಡುವ ವಾರ ಶೋಭಕ್ಕ ನಮ್ಮ ಮನೆಗೆ ಬಂದಿದ್ದರು. ನಾನು ಎಂದೋ ಬಿಸಿಬೇಳೆಬಾತ್ ಕಳಿಸಿದ್ದ ಸ್ಟೀಲ್ ಡಬ್ಬಿ ವಾಪಸ್ ಕೊಡಲು. ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಡಬ್ಬಿ ಕೊಟ್ಟು, “ನಿನ್ನ ಒಂದು ಮಾತು ಸಾಕಿತ್ತು ಸೌಮ್ಯಾ” ಎಂದರು. ಲಿಫ್ಟ್ ಬಂತು, ಹೋದರು. ಡಬ್ಬಿ ತೆರೆದರೆ ತಳದಲ್ಲಿ ಒಂದು ಹಿಡಿ ಸಕ್ಕರೆ. ಪಾತ್ರೆ ಖಾಲಿ ವಾಪಸ್ ಕೊಡಬಾರದಲ್ಲ. ಅಂಥ ಹೊತ್ತಿನಲ್ಲೂ ಅವರು ಅದನ್ನು ಮರೆತಿರಲಿಲ್ಲ. ಆ ಸಕ್ಕರೆಯನ್ನು ನಾನು — ಬೇಡ, ಏನು ಮಾಡಿದೆ ಎಂದು ಬರೆಯಲಾರೆ.

ಆ ವರ್ಷದ ಯುಗಾದಿ ಊಟ ನಡೆಯಿತು. ಹೋಳಿಗೆ ಬಡಿಸುವಾಗ ಯಾರೋ, “ಎಲ್ರೂ ಫೋನ್ ಆಫ್ ಮಾಡ್ಕೊಂಡು ತಿನ್ರಪ್ಪಾ, ಟುವಾಸ್ ಹತ್ಕೊಂಡೀತು” ಎಂದರು. ಪಂಕ್ತಿ ಪೂರ್ತಿ ನಕ್ಕಿತು. ಮುಂದಿನ ವರ್ಷವೂ. ಈಗ ನಿಮ್ಮನ್ನು ನೋಡಿಯೇ ಇಲ್ಲದವರು, ನಿನ್ನೆ ಮೊನ್ನೆ ಬೆಂಗಳೂರಿಂದ ಬಂದವರು ಕೂಡ ಅದನ್ನು ಹೇಳುತ್ತಾರೆ. ನಾನೂ ನಕ್ಕಿದ್ದೇನೆ. ನಗದಿದ್ದರೆ ಯಾರಾದರೂ ನೋಡುತ್ತಾರೆ ಎಂದು.

ಮುರುಗನ್ ಅವರನ್ನು ಆಸ್ಪತ್ರೆಯಲ್ಲಿ ಒಂದೇ ಸಲ ನೋಡಿದೆ. ಎರಡೂ ಕೈಗೆ ಬಟ್ಟೆ ಸುತ್ತಿತ್ತು. “ಆ ಆಪರೇಟರ್‌ಗೆ ಸಿಹಿ ತಿನ್ಬೇಕಿತ್ತಂತೆ ಮೇಡಂ,” ಎಂದರು. “ನನ್ ಕೈ ಹೋಯ್ತು. ಅವ್ನು ಚೆನ್ನಾಗಿರಬಾರ್ದು.” ನಾನು ಅವರಿಗೆ ಸ್ಟ್ರಾ ಹಾಕಿ ಎಳನೀರು ಕುಡಿಸಿದೆ.

ಇದೆಲ್ಲ ಹೀಗೇ ಮುಚ್ಚಿಹೋಗುತ್ತಿತ್ತು. ಹೌದು, ಹೋಗುತ್ತಿತ್ತು. ನನ್ನ ಆತ್ಮಸಾಕ್ಷಿ ತಾನಾಗಿ ಎದ್ದು ಕೂತದ್ದಲ್ಲ ಇದು.

ಈ ವರ್ಷ ಇಲ್ಲಿ ಒಂದು ಕೊಳವೆಯ ಮಾತು ನಡೆಯುತ್ತಿದೆ. ಜಲಸಂಧಿಯ ಆಚೆ ದಡದ ದೇಶದಿಂದ ಈಚೆ ದಡಕ್ಕೆ, ಸಮುದ್ರದ ತಳದಲ್ಲಿ ತೈಲ ತರುವ ಕೊಳವೆ. ಇನ್ನೂ ಯೋಜನೆ ಮಾತ್ರ. ಅದು ದಡ ಹತ್ತುವುದು ಪುಂಗೋಲ್ ಹತ್ತಿರ ಎಂದಿದ್ದಾರೆ, ನಮ್ಮ ಬ್ಲಾಕಿನ ಕಿಟಕಿಯಿಂದ ಕಾಣುವಷ್ಟು ಹತ್ತಿರ. ಆದ್ದರಿಂದ ಜನರ ಅಭಿಪ್ರಾಯ ಕೇಳುವ ಸಭೆಗಳು ನಡೆದವು. ಮೊದಲ ಸಭೆ ಕಮ್ಯುನಿಟಿ ಕ್ಲಬ್ಬಿನ ಸಭಾಂಗಣದಲ್ಲಿ, ಶನಿವಾರ ಬೆಳಗ್ಗೆ. ವೇದಿಕೆಯ ಮೇಲೆ ಯೋಜನೆಯ ಅಧಿಕಾರಿಗಳು ಮೂವರು, ಕೊನೆಯ ಕುರ್ಚಿಯಲ್ಲಿ ನಾನು. ಸೋರಿಕೆ ಪತ್ತೆ ಹಚ್ಚುವ ವ್ಯವಸ್ಥೆ ನಮ್ಮದೇ ಎಂದು ಪ್ರಸ್ತಾಪವಾಗಿದೆ, ನಾನೀಗ ಆ ವಿಭಾಗದ ಮುಖ್ಯಸ್ಥೆ.

ಜನ ಚೆನ್ನಾಗಿ ಮಾತಾಡಿದರು. ಮೀನು ಸಾಕುವ ಒಬ್ಬ ಅಂಕಲ್ ಎದ್ದು, ಈ ಜಲಸಂಧಿಯ ನಡುವೆ ಒಡ್ಡು ಇದೆ, ನೀರು ಆಚೀಚೆ ಹೋಗುವುದಿಲ್ಲ, ಒಂದು ಸಲ ಎಣ್ಣೆ ಬಿದ್ದರೆ ಅದು ಇಲ್ಲೇ ಕೂರುತ್ತದೆ, ನನ್ನ ಮೀನಿನ ಜೊತೆ — ಎಂದರು. ಒಬ್ಬ ಯುವಕ, ಈಗ ಅದೇ ಎಣ್ಣೆ ಹಡಗಿನಲ್ಲಿ ಬರುತ್ತಿಲ್ಲವೇ, ಹಡಗು ಡಿಕ್ಕಿ ಹೊಡೆಯುವುದಿಲ್ಲವೇ, ಕೊಳವೆ ಬಂದರೆ ಹಡಗು ಕಡಿಮೆಯಾಗುತ್ತದೆ ಎಂದ. ಅವನ ಮಾತಿನಲ್ಲೂ ಹುರುಳಿತ್ತು. ಎರಡು ದೇಶದ ನಡುವೆ ಸೋರಿದರೆ ಜವಾಬ್ದಾರಿ ಯಾರದ್ದು ಎಂದು ಒಬ್ಬ ನಿವೃತ್ತ ಮೇಷ್ಟ್ರು ಕೇಳಿದರು. ಸುತ್ತಿ ಸುತ್ತಿ ಎಲ್ಲ ಪ್ರಶ್ನೆಯೂ ಒಂದೇ ಕಡೆ ಬಂದು ನಿಂತಿತು: ಸೋರಿದರೆ ಗೊತ್ತಾಗುತ್ತದೆಯೇ?

ನಮ್ಮ ಮಹಡಿಯ ಲಿಮ್ ಆಂಟಿ ಎದ್ದರು. ಎಪ್ಪತ್ತು ದಾಟಿದವರು. ಬೆಳಿಗ್ಗೆ ಜೆಟ್ಟಿಯ ಮೇಲೆ ಗಾಳ ಹಾಕಿ ಕೂರುವವರು, ನನ್ನ ಮಗಳಿಗೆ ಗಾಳ ಹಿಡಿಯಲು ಕಲಿಸಿದವರು. ಟುವಾಸಿನಲ್ಲಿ ಹಿಂದೆ ಬೆಂಕಿ ಬಿತ್ತಲ್ಲ, ಅಲ್ಲೂ ಇಂಥದೇ ಅಲಾರಂ ಇತ್ತಲ್ಲ ಎಂದು ಕೇಳಿದರು.

ಅಧಿಕಾರಿಯೊಬ್ಬರು ಮೈಕ್ ತೆಗೆದುಕೊಂಡರು. ಅಲಾರಂ ಸರಿಯಾಗಿ ಬಡಿದಿತ್ತು, ಆಪರೇಟರ್ ಆಗ ಸ್ನೇಹಿತರ ಜೊತೆ ಹಬ್ಬದ ಸಿಹಿಯ ಬಗ್ಗೆ ಮಾತಾಡುತ್ತಿದ್ದರು ಎಂದರು. ಸಭೆಯಲ್ಲಿ ನಗು. ನಮ್ಮ ಜೊತೆ ಆ ವ್ಯವಸ್ಥೆಯನ್ನು ಬಲ್ಲವರೇ ಇದ್ದಾರೆ ಎಂದು ಮೈಕನ್ನು ನನ್ನ ಕಡೆ ಸರಿಸಿದರು.

ಒಂದು ಉಸಿರಿನಷ್ಟು ಹೊತ್ತು ಸಿಕ್ಕಿತ್ತು. ಮತ್ತೆ ಒಮ್ಮೆ ಸಿಕ್ಕಿತ್ತು, ರತ್ನಾಕರಣ್ಣ.

“ಹೌದು,” ಎಂದೆ. “ವ್ಯವಸ್ಥೆ ತನ್ನ ಕೆಲಸ ಮಾಡಿತ್ತು. ಮನುಷ್ಯ ಮಾಡಲಿಲ್ಲ.”

ಸಭೆ ಮುಗಿದು ನಮ್ಮ ಬ್ಲಾಕಿಗೆ ಬಂದರೆ ಕೆಳಗೆ ಗೋಡೆಯಿಲ್ಲದ ನೆಲಮಹಡಿಯ, ಅಂದರೆ ವಾಯ್ಡ್ ಡೆಕ್ಕಿನ, ಕಲ್ಲು ಮೇಜಿನ ಬಳಿ ಲಿಮ್ ಆಂಟಿ ಕೂತಿದ್ದರು. ವಿರೋಧದ ಸಹಿ ಸಂಗ್ರಹಿಸುತ್ತಿದ್ದ ಹಾಳೆ ಅವರ ಮುಂದಿತ್ತು. ತಮ್ಮ ಹೆಸರಿನ ಮೇಲೆ ಗೆರೆ ಎಳೆಯುತ್ತಿದ್ದರು, ನಿಧಾನವಾಗಿ, ಬೇರೆಯವರ ಹೆಸರಿಗೆ ತಾಗದಂತೆ.

“ನೀನು ಓಕೆ ಅಂದ್ರೆ ಓಕೆ ಲಾ,” ಎಂದರು ತಮ್ಮ ಇಂಗ್ಲಿಷಿನಲ್ಲಿ. “ಅವರನ್ನೆಲ್ಲ ನಾನು ನಂಬಲ್ಲ. ನಿನ್ನನ್ನು ಬಲ್ಲೆ.”

“ಆಂಟಿ —” ಎಂದೆ. ಲಿಫ್ಟಿನ ಬಟನ್ ಒತ್ತಿದೆ.

ಮನೆಗೆ ಬಂದರೆ ಸಂಘದ ವಾಟ್ಸ್ಆ್ಯಪ್ ಗುಂಪಿನಲ್ಲಿ ನನ್ನ ಫೋಟೊ. ನಮ್ಮವರು ಸ್ಟೇಜ್ ಮೇಲೆ, ಹೆಮ್ಮೆ ಎಂದು ಮೂವತ್ತು ಚಪ್ಪಾಳೆಗಳು. ಅವುಗಳ ಕೆಳಗೆ ಒಬ್ಬರು ಹೋಳಿಗೆಯ ಚಿತ್ರ ಹಾಕಿ ಕಣ್ಣು ಹೊಡೆದಿದ್ದರು.

ಒಂದು ತಟ್ಟೆ ಹೋಳಿಗೆ. ಅದರ ಮೇಲೆ ಈಗ ಸಮುದ್ರದಡಿಯ ಒಂದು ಕೊಳವೆ ನಿಲ್ಲಬೇಕು. ಎರಡು ದಡದ ಜನ ಅದನ್ನು ನಂಬಬೇಕು. ಆ ಕೊಳವೆಗೂ ಸುಳ್ಳು ಅಲಾರಂ ಬರುತ್ತದೆ. ಅಲ್ಲೂ ಬೈಪಾಸ್ ಬಟನ್ ಇರುತ್ತದೆ. ಆ ತುದಿಯ ಕಂಟ್ರೋಲ್ ರೂಮಿನಲ್ಲಿ ಒಬ್ಬ, ಈ ತುದಿಯಲ್ಲಿ ಇನ್ನೊಬ್ಬ ಇರುತ್ತಾರೆ. ಮಲಯ್ ಆಗಲಿ, ತಮಿಳಾಗಲಿ, ಚೀನಿಯರ ಹೊಕ್ಕಿಯೆನ್ ಆಗಲಿ, ಇಬ್ಬರ ನಡುವೆ ಒಂದು ಭಾಷೆ ಸಿಗುತ್ತದೆ. ಒಂದು ಮಧ್ಯಾಹ್ನ ಒಬ್ಬರು ಇನ್ನೊಬ್ಬರಿಗೆ, ಮೇಜಿನ ಫೋನ್ ಬೇಡ, ಇದರಲ್ಲೇ ಮಾಡು ಎನ್ನುತ್ತಾರೆ. ನಮ್ಮ ವಿನ್ಯಾಸದ ಕಡತಗಳಲ್ಲಿ ಇದಕ್ಕೆ ಉತ್ತರವಿಲ್ಲ. ಯಾಕೆಂದರೆ ಹೀಗೆ ಆಗುತ್ತದೆ ಎಂದು ಗೊತ್ತಿದ್ದವಳು ಹೇಳಿರಲಿಲ್ಲ.

ಕೊಳವೆ ಬೇಡ ಎನ್ನಲು ನಾನು ಬರೆಯುತ್ತಿಲ್ಲ. ಬೇಕೋ ಬೇಡವೋ, ಜನ ನಿರ್ಧರಿಸಲಿ. ನನ್ನ ಸುಳ್ಳನ್ನು ನಂಬಿ ನಿರ್ಧರಿಸುವುದು ಬೇಡ.

ಸಾರ್ವಜನಿಕ ಅಭಿಪ್ರಾಯದ ಫಾರ್ಮಿನಲ್ಲಿ ಎಲ್ಲ ಬರೆದು ಕಳಿಸಿದ್ದೇನೆ. ಆ ಕರೆಯ ಮಾತುಗಳನ್ನು ಆಡಿದ ಹಾಗೆಯೇ ಕನ್ನಡದಲ್ಲಿ ಬರೆದು, ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಕೊಟ್ಟೆ. ‘ನನ್ ಮೇಲಿರ್ಲಿ’ ಎಂಬುದಕ್ಕೆ ಇಂಗ್ಲಿಷ್ ಮಾತನ್ನು ಬಹಳ ಹೊತ್ತು ಹುಡುಕಿದೆ. ಆಗ ವಿಚಾರಣೆ ನಡೆಸಿದ ಇಲಾಖೆಗೂ ಒಂದು ಪ್ರತಿ ಹೋಗಿದೆ. ನಮ್ಮ ಕಂಪನಿಯವರು ನನ್ನ ಆಫೀಸಿನ ಪಾಸ್ ಮತ್ತು ಲ್ಯಾಪ್‌ಟಾಪ್ ವಾಪಸ್ ತೆಗೆದುಕೊಂಡು ಮನೆಯಲ್ಲಿರಲು ಹೇಳಿದ್ದಾರೆ. ಮುಂದೆ ಏನಾಗುತ್ತದೋ ಆಗಲಿ. ಲಿಮ್ ಆಂಟಿಗೆ ನಾನೇ ಹೋಗಿ ಹೇಳಿದೆ. ಅವರು ಪೂರ್ತಿ ಕೇಳಿ, ಒಳಗೆ ಹೋಗಿ ಕಬ್ಬಿಣದ ಗೇಟ್ ಎಳೆದುಕೊಂಡರು. ಅಂದಿನಿಂದ ಲಿಫ್ಟಿನಲ್ಲಿ ನನ್ನನ್ನು ಕಂಡರೆ ಮುಂದಿನದಕ್ಕೆ ಕಾಯುತ್ತಾರೆ. ಸರಿಯೇ.

ಆಮೇಲೆ ನಿಮಗೆ ಫೋನ್ ಮಾಡಿದೆ. ನಂಬರ್ ಹುಡುಕುವುದೇನೂ ಕಷ್ಟವಾಗಲಿಲ್ಲ. ಎಂಟು ವರ್ಷ ಅದು ನನ್ನ ಫೋನಿನಲ್ಲೇ ಇತ್ತು, ನೀವು ಬದಲಿಸಿರಲಿಲ್ಲ. ನೀವೀಗ ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿದ್ದೀರಿ. ಹಿಂದೆ ಕಂಪ್ರೆಸರಿನ ಸದ್ದು ಕೇಳುತ್ತಿತ್ತು. ಅಲ್ಲೂ ಒಂದು ಅಲಾರಂ ಇರಬೇಕು, ಅಮೋನಿಯಾ ಸೋರಿಕೆಯದ್ದು. ನಾನು ಹೇಳಬೇಕೆಂದಿದ್ದನ್ನೆಲ್ಲ ಹೇಳಿದೆ, ತಪ್ಪಾಯಿತು ಎಂದೆ. ನೀವು ಬೈಯಲಿಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ.

“ನಡೆದದ್ದು ನಂಗೆ ಗೊತ್ತುಂಟಲ್ಲ ಸೌಮ್ಯಾ,” ಎಂದಿರಿ ಕೊನೆಗೆ. “ನಂಗೆ ಹೇಳಿ ಏನು ಪ್ರಯೋಜನ? ಗೊತ್ತಿಲ್ಲದ್ದು ಆ ಮುರುಗನ್‌ಗೆ. ಅವನಿಗೆ ಹೇಳು ಹೋಗಿ.”

ಫೋನ್ ಇಟ್ಟಿರಿ.

ಬರುವ ಶನಿವಾರ ಹೊಸೂರಿಗೆ ಹೋಗುತ್ತಿದ್ದೇನೆ. ಮುರುಗನ್ ಈಗ ಮಗಳ ಮನೆಯಲ್ಲಿದ್ದಾರಂತೆ, ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆ. ಲೋಟ ಹಿಡಿಯಲು ಎರಡೂ ಅಂಗೈ ಸೇರಿಸಬೇಕಂತೆ. ಬರುತ್ತೇನೆ ಎಂದು ಮೊದಲೇ ತಿಳಿಸಿಲ್ಲ. ಫೋನಿನಲ್ಲಿ ಹೇಳುವ ಮಾತಲ್ಲ ಇದು. ಅವರು ನನ್ನನ್ನು ನೋಡಿ ನಗುತ್ತಾರೆ ಎಂಬುದೇ ನನಗಿರುವ ಭಯ. ಎಳನೀರು ಕುಡಿಸಿದ ಮೇಡಂ ಎಂದು ಮಗಳಿಗೆ ಪರಿಚಯ ಮಾಡಿಸುತ್ತಾರೆ, ಕೂರಲು ಹೇಳುತ್ತಾರೆ. ನಾನು ಕೂರುವುದಿಲ್ಲ. ನಿಂತೇ ಹೇಳುತ್ತೇನೆ: ಅಲಾರಂ ಬಡಿದಾಗ ಆ ಮನುಷ್ಯ ಸಿಹಿಯ ಮಾತಾಡುತ್ತಿರಲಿಲ್ಲ, ಮುರುಗನ್. ಯಾರನ್ನಾದರೂ ನೋಡಲು ಕಳಿಸಲಾ ಎಂದು ಕೇಳುತ್ತಿದ್ದರು. ಬೇಡ ಎಂದವಳು ನಾನು.